ದೇವರ ಹುದ್ದೆ ಬೇಡವೆಂದ ಗೋಕು

ಪಂದ್ಯಾವಳಿ ಮುಗಿದಿದೆ. ಅಖಾಡವಿದ್ದ ಜಾಗದಲ್ಲಿ ಹೊಂಡವೊಂದು ಉಳಿದಿದೆ. ಮೈಯೆಲ್ಲ ಗಾಯವಾಗಿದ್ದರೂ ಗೋಕು ಗೆದ್ದಿದ್ದಾನೆ, ಪಿಕ್ಕೊಲೊ ಸೋತಿದ್ದಾನೆ. ಆಗ ಹಸಿರು ಮೈಯ, ಕೋಲು ಹಿಡಿದ ಮುದುಕನೊಬ್ಬ ಮುಂದೆ ಬಂದು ಗೋಕುವಿಗೆ ಒಂದು ಕೆಲಸ ವಹಿಸಲು ನೋಡುತ್ತಾನೆ. ಆ ಮುದುಕ ಭೂಮಿಯ ದೇವರು. ಅವನು ಕೊಡಲು ಬಂದಿರುವುದು ತನ್ನದೇ ಸ್ಥಾನವನ್ನು. ಗೋಕುವಿಗೆ ಅದು ಮೇಲಿನ ಅರಮನೆಯಲ್ಲಿ ಕೂತು ಬೇಸರಪಡುವ ಕೆಲಸದಂತೆ ಕಾಣುತ್ತದೆ. ಬೇಡವೆಂದು ತಲೆಯಾಡಿಸಿ, ಮದುವೆಯಾಗಲಿರುವ ಚಿಚಿಯನ್ನು ಹಳದಿ ಮೋಡದ ಮೇಲೆ ಕೂರಿಸಿಕೊಂಡು ಹಾರಿಹೋಗುತ್ತಾನೆ.

ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ವಾರವಾರವೂ ಬರೆದ 'ಡ್ರ್ಯಾಗನ್ ಬಾಲ್' ಎಂಬ ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕಥೆಯಲ್ಲಿ, ಈ ಪ್ರಸಂಗ ಹೆಚ್ಚು ಪುಟ ತೆಗೆದುಕೊಳ್ಳುವುದಿಲ್ಲ. ಓದುವವರೂ ನಕ್ಕು ಮುಂದೆ ಹೋಗುತ್ತಾರೆ. ಆದರೆ ಅಭಿಮಾನಿಗಳು ಸೇರಿದಲ್ಲೆಲ್ಲ ಎದ್ದು ಬರುವ ಪ್ರಶ್ನೆಯೊಂದಕ್ಕೆ ಉತ್ತರದ ಬಹುಪಾಲು ಇಲ್ಲಿಯೇ ಇದೆ. ಬೆರಳ ತುದಿಯಿಂದ ಗ್ರಹ ಒಡೆಯಬಲ್ಲ, ಸತ್ತು ಮರಳಿ ಬಂದ, ವಿನಾಶದ ದೇವತೆಯ ಎದುರು ಸರಿಸಾಟಿಯಾಗಿ ನಿಂತ ಗೋಕು ದೇವರಲ್ಲವೇ? ದೇವರಿಗೆ ಇರಬೇಕಾದದ್ದರಲ್ಲಿ ಅವನಿಗೆ ಇಲ್ಲದ್ದು ಯಾವುದು?

ಈ ವಾದ ಮಾಡುವವರೆಲ್ಲ ಕೈಯಲ್ಲಿ ಒಂದು ತಕ್ಕಡಿ ಹಿಡಿದಿರುತ್ತಾರೆ. ಒಂದು ತಟ್ಟೆಯಲ್ಲಿ ಗೋಕುವಿನ ಬಲ, ಇನ್ನೊಂದರಲ್ಲಿ ಯಾವುದೋ ದೇವರ ಬಲ. ಯಾವುದು ಕೆಳಗಿಳಿಯಿತೋ ಅದಕ್ಕೆ ಜಯ. ಈ ಪ್ರಶ್ನೆಗೆ ತಕ್ಕಡಿ ತರುವುದೇ ತಪ್ಪು ಎನ್ನುವುದು ನನ್ನ ಮಾತು. ತೊರಿಯಾಮಾ ಕಟ್ಟಿದ ಲೋಕದಲ್ಲಿ ದೇವರು ಎನ್ನುವುದು ಬಲದ ಅಳತೆಯಲ್ಲ, ಒಂದು ಪಟ್ಟ. ಪಟ್ಟಕ್ಕೆ ಕೆಲಸ ಇರುತ್ತದೆ, ಹೊಣೆ ಇರುತ್ತದೆ, ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಗೋಕು ಒಪ್ಪಿಕೊಳ್ಳಲಿಲ್ಲ.

ಇದನ್ನು ಬಿಡಿಸುವ ಮೊದಲು ಒಂದು ಜಪಾನಿ ಪದವನ್ನು ನೋಡಬೇಕು. ನಾವು 'ದೇವರು' ಎಂದು ಓದಿಕೊಳ್ಳುವ ಕಡೆ ಜಪಾನಿಯಲ್ಲಿ ಇರುವುದು 'ಕಮಿ'. (ದೀರ್ಘ ಹಾಕಿ ಓದಿ ಅನರ್ಥ ಮಾಡಿಕೊಳ್ಳಬಾರದು. ಒತ್ತು ಕೊಟ್ಟು 'ಕಮ್ಮಿ' ಮಾಡಿದರೂ ದೇವರಿಗೆ ಅವಮಾನವೇ.) ಜಪಾನಿನ ಮೂಲ ಧರ್ಮವಾದ ಶಿಂತೊ ಪರಂಪರೆಯಲ್ಲಿ ಕಮಿಗಳ ಲೆಕ್ಕ 'ಯಾವೊಯೊರೊಝು', ಅಕ್ಷರಶಃ ಎಂಬತ್ತು ಲಕ್ಷ. ಎಣಿಸಲಾಗದಷ್ಟು ಎಂದು ಅದರ ಅರ್ಥ, ನಮ್ಮ ಮೂವತ್ತಮೂರು ಕೋಟಿಯ ಹಾಗೆ. 712ರಲ್ಲಿ ರಚಿತವಾದ ಜಪಾನಿನ ಪುರಾಣಗ್ರಂಥ 'ಕೊಜಿಕಿ'ಗೆ ಮೊತೊಒರಿ ನೊರಿನಾಗ ಎಂಬ ವಿದ್ವಾಂಸ ಮೂವತ್ತಕ್ಕೂ ಹೆಚ್ಚು ವರ್ಷ ಕೂತು ಭಾಷ್ಯ ಬರೆದು 1798ರಲ್ಲಿ ಮುಗಿಸಿದ. ಕಮಿ ಎಂದರೇನು ಎಂಬುದಕ್ಕೆ ಅವನು ಕೊಟ್ಟ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಸ್ವರ್ಗ ಭೂಮಿಗಳ ದೇವತೆಗಳು ಸರಿಯೇ ಸರಿ. ಅವರಲ್ಲದೆ ಮನುಷ್ಯರು, ಹಕ್ಕಿ, ಮೃಗ, ಮರ, ಸಮುದ್ರ, ಬೆಟ್ಟ, ಹೀಗೆ ಸಾಮಾನ್ಯವನ್ನು ಮೀರಿ ನಿಂತು ನಮ್ಮಲ್ಲಿ ಭಯಭಕ್ತಿ ಹುಟ್ಟಿಸುವ ಯಾವುದೇ ಆಗಲಿ ಕಮಿ. ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ. ಕೆಟ್ಟದ್ದೂ ಮೈ ನಡುಗಿಸುವಷ್ಟಿದ್ದರೆ ಕಮಿಯೇ.

ಈ ವ್ಯಾಖ್ಯೆಯನ್ನೇ ಹಿಡಿದರೆ ನಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಗೋಕು ಕಮಿ. ಅವನ ವೈರಿ ಫ್ರೀಝಾ ಕೂಡ ಕಮಿ. ಅಷ್ಟೇ ಏಕೆ, ಜಪಾನಿನಲ್ಲಿ ಒಸಾಮು ತೆಝುಕಾ ಅವರನ್ನು 'ಮಾಂಗಾದ ಕಮಿ' ಎಂದೇ ಕರೆಯುತ್ತಾರೆ. ಅವರು ಕೈಯಲ್ಲಿ ಲೇಖನಿ ಹಿಡಿದು 1989ರವರೆಗೆ ಬದುಕಿದ್ದ ಮನುಷ್ಯ. ಅಂಗಡಿಯವನು ಗಿರಾಕಿಯ ತೊಂದರೆಗೆ ತುಂಬ ಚೆನ್ನಾಗಿ ಸ್ಪಂದಿಸಿದರೆ ಈಗಿನ ಹುಡುಗರು ಅದಕ್ಕೂ ಕಮಿ ಪದವನ್ನೇ ಅಂಟಿಸುತ್ತಾರೆ. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಕಾವಲಿಗೆ ಒದಗುವುದಿಲ್ಲ. ಆದ್ದರಿಂದ ಪದಕೋಶವನ್ನು ಪಕ್ಕಕ್ಕಿಟ್ಟು, ಜಪಾನಿನಲ್ಲಿ ಮನುಷ್ಯನೊಬ್ಬ ನಿಜಕ್ಕೂ ದೇವರಾದ ಸಂದರ್ಭ ಹೇಗಿತ್ತು ಎಂದು ನೋಡುವುದು ಮೇಲು.

ಸುಗವಾರಾ ನೊ ಮಿಚಿಝಾನೆ 845ರಲ್ಲಿ ಹುಟ್ಟಿದ ಪಂಡಿತ, ಕವಿ. ವಿದ್ಯೆಯ ಬಲದಿಂದಲೇ ಮಂತ್ರಿಪದವಿಗೆ ಏರಿದ. ಆಸ್ಥಾನದಲ್ಲಿ ಪ್ರಬಲವಾಗಿದ್ದ ಫುಜಿವಾರಾ ಮನೆತನಕ್ಕೆ ಅದು ಸಹಿಸಲಿಲ್ಲ. ಚಾಡಿ ಕೆಲಸ ಮಾಡಿತು. 901ರಲ್ಲಿ ಅವನನ್ನು ರಾಜಧಾನಿಯಿಂದ ದೂರದ ಕ್ಯೂಶೂ ದ್ವೀಪದ ದಝೈಫುಗೆ ಅಟ್ಟಿದರು. ಎರಡೇ ವರ್ಷದಲ್ಲಿ ಅಲ್ಲಿ ನೊಂದು ಸತ್ತ. ಬದುಕಿದ್ದಾಗ ಅವನು ಯಾವ ಪವಾಡವನ್ನೂ ಮಾಡಿದವನಲ್ಲ. ಆಮೇಲೆ ಶುರುವಾಯಿತು. ಅವನ ವಿರುದ್ಧ ಸಂಚು ಹೂಡಿದ ಫುಜಿವಾರಾ ನೊ ತೊಕಿಹಿರಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. 930ರಲ್ಲಿ ಅರಮನೆಯ ಸಭಾಭವನಕ್ಕೇ ಸಿಡಿಲು ಬಡಿದು ಅಧಿಕಾರಿಗಳು ಸತ್ತರು. ಅದನ್ನು ಕಂಡ ಚಕ್ರವರ್ತಿ ಹಾಸಿಗೆ ಹಿಡಿದು ಕೆಲವೇ ತಿಂಗಳಲ್ಲಿ ಕಣ್ಣು ಮುಚ್ಚಿದ. ಇದು ಮಿಚಿಝಾನೆಯ ಸಿಟ್ಟು ಎಂದು ನಗರ ನಡುಗಿತು. ಕಿತ್ತುಕೊಂಡ ಪದವಿಯನ್ನು ಸತ್ತವನಿಗೆ 923ರಲ್ಲೇ ಮರಳಿಸಿದ್ದರು. 947ರಲ್ಲಿ ಕ್ಯೋಟೊದ ಕಿತಾನೊದಲ್ಲಿ ಗುಡಿ ಕಟ್ಟಿದರು. 993ರಲ್ಲಿ ಬಡ್ತಿಯನ್ನೂ ಕೊಟ್ಟರು, ಅದೂ ಸರ್ಕಾರದ ಅತ್ಯುನ್ನತ ಹುದ್ದೆಗೆ. ಸತ್ತು ತೊಂಬತ್ತು ವರ್ಷವಾದ ನೌಕರನಿಗೆ ಬಡ್ತಿ! ಸಿಡಿಲಿನ ಆ ಉಗ್ರದೇವತೆ ಕಾಲಕ್ರಮದಲ್ಲಿ ತಣ್ಣಗಾಗಿ 'ತೆನ್ಜಿನ್' ಎಂಬ ವಿದ್ಯಾದೇವತೆಯಾದ. ಇಂದು ಜಪಾನಿನ ಮಕ್ಕಳು ಪರೀಕ್ಷೆಗೆ ಮೊದಲು ಅವನ ಗುಡಿಗೆ ಹೋಗಿ ಮರದ ಹಲಗೆಯ ಮೇಲೆ ಹರಕೆ ಬರೆದು ತೂಗುಹಾಕುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು, ಸಿಡಿಲು ಬಡಿದ ಗಳಿಗೆಗೆ ಅವನು ಪೂರ್ತಿ ದೇವರಾಗಲಿಲ್ಲ. ಆಗ ಅವನು ಕಾಡುವ ಪ್ರೇತ, ಅಷ್ಟೇ. ಜನ ಹೆದರಿ, ಹೆಸರು ಕೊಟ್ಟು, ಗುಡಿ ಕಟ್ಟಿ, ಎದುರು ನಿಂತು ಬೇಡಿಕೊಂಡಾಗ ಆ ಶಕ್ತಿ ದೇವರಾಯಿತು. ತುಳುನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಕೋಟಿ ಚೆನ್ನಯರು ಮನುಷ್ಯರಾಗಿ ಹುಟ್ಟಿ, ಕಾದಾಡಿ ಸತ್ತು, ಗರಡಿಗಳಲ್ಲಿ ನೆಲೆಗೊಂಡವರು. ಅಲ್ಲಿನವರು 'ದೇವರು' ಮತ್ತು 'ದೈವ' ಎಂದು ಎರಡು ಮಾತು ಇಟ್ಟುಕೊಂಡು ಬಳಸುವ ಎಚ್ಚರ ನಮಗೆಲ್ಲ ಇದ್ದಿದ್ದರೆ ಕಮಿಯನ್ನು ಅನುವಾದಿಸುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೀಗೆ ಕೊಟ್ಟ ಪಟ್ಟವನ್ನು ಬಿಡುವುದೂ ಸಾಧ್ಯ. 1946ರ ಜನವರಿ 1ರಂದು ಚಕ್ರವರ್ತಿ ಹಿರೊಹಿತೊ, ತನ್ನನ್ನು ಪ್ರತ್ಯಕ್ಷ ದೇವರೆಂದು ಕಾಣುವುದು ಹುಸಿ ಕಲ್ಪನೆ ಎಂದು ಪ್ರಜೆಗಳಿಗೆ ಸಾರಿದ. ಜಪಾನಿನಲ್ಲಿ ಅದಕ್ಕೆ 'ಮನುಷ್ಯನೆಂಬ ಘೋಷಣೆ' ಎಂದೇ ಹೆಸರು. ಡಿಸೆಂಬರ್ 31ಕ್ಕೂ ಜನವರಿ 1ಕ್ಕೂ ನಡುವೆ ಅವನ ಶಕ್ತಿಯೇನೂ ಬದಲಾಗಿರಲಿಲ್ಲ.

ಈಗ ಗೋಕುವಿನ ಬಳಿಗೆ ಬರೋಣ. ಶಾಲೆಯಿಂದ ಬಂದು ಚೀಲ ಎಸೆದು ಟಿ.ವಿ. ಮುಂದೆ ಕೂತು ಗೋಕುವನ್ನು ಕಂಡ ನಮ್ಮ ಪೀಳಿಗೆಗೆ ಒಂದು ತೊಡಕು ಇತ್ತು. ನಮಗೆ ಸಿಕ್ಕಿದ್ದು ಅಮೆರಿಕದ ದಾರಿಯಾಗಿ ಬಂದ ಕಥೆ. ಅಲ್ಲಿನ ಅನುವಾದಕರು ಧರ್ಮದ ಗೊಡವೆ ಬೇಡವೆಂದು ಬಹಳ ನಾಜೂಕಾಗಿ ಕತ್ತರಿ ಆಡಿಸಿದ್ದರು. ಮಿಸ್ಟರ್ ಸೇಟನ್ ಎಂಬ ಬಡಾಯಿ ಕುಸ್ತಿಪಟು ಹರ್ಕ್ಯೂಲ್ ಆದ. ನರಕದ ಭಟರ ಬನಿಯನ್ನಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದ 'ಹೆಲ್' ಅಕ್ಷರಗಳನ್ನು ತಿದ್ದಿ 'ಎಚ್ಎಫ್ಐಎಲ್' ಮಾಡಿದರು, ಸೋತವರ ಶಾಶ್ವತ ವಸತಿ ಎಂಬ ಅರ್ಥ ಬರುವಂತೆ. ಇದೇ ಗದ್ದಲದಲ್ಲಿ 'ಕಮಿ' ಎಂಬುದು ಆ ಹಸಿರು ಮುದುಕನ ಹೆಸರೇನೋ ಎಂಬಂತಾಯಿತು. ಮೂಲದಲ್ಲಿ ಅವನಿಗೆ ಹೆಸರಿಲ್ಲ. 'ಕಮಿಸಾಮಾ' ಎಂದರೆ 'ದೇವರೇ' ಎಂದು ಕರೆದ ಹಾಗೆ. ತಹಶೀಲ್ದಾರರನ್ನು 'ತಹಶೀಲ್ದಾರರೇ' ಎಂದು ಕರೆಯುತ್ತೇವಲ್ಲ, ಹಾಗೆ ಅದು ಹುದ್ದೆಯ ಹೆಸರು.

ಆ ಹುದ್ದೆಗೆ ಅವನು ಬಂದ ಬಗೆಯನ್ನು ನೋಡಿ. ಅವನು ನಮೆಕ್ ಗ್ರಹದಿಂದ ಬಂದ ಅನ್ಯಲೋಕದವನು. ಭೂಮಿಯ ಹಿಂದಿನ ದೇವರ ಬಳಿ ಉತ್ತರಾಧಿಕಾರ ಕೇಳಿದ. ಹಿಂದಿನವರು ಅವನ ಎದೆಯಲ್ಲಿ ಕೆಡುಕಿನ ಎಳೆ ಕಂಡು ಒಪ್ಪಲಿಲ್ಲ. ಅವನು ಸಾಧನೆ ಮಾಡಿ ಆ ಕೆಡುಕನ್ನು ಮೈಯಿಂದ ಹೊರಹಾಕಿದ. ಹೊರಬಿದ್ದ ಕೆಡುಕೇ ರಾಕ್ಷಸರಾಜ ಪಿಕ್ಕೊಲೊ. ಆಮೇಲೆ ಪಟ್ಟ ಸಿಕ್ಕಿತು. ಸಂದರ್ಶನದಲ್ಲಿ ಅಳೆದದ್ದು ತೋಳನ್ನಲ್ಲ, ಮನಸ್ಸನ್ನು. ಅವನ ಕಸುಬೂ ಹೊಡೆದಾಟದ್ದಲ್ಲ. ಭೂಮಿಯನ್ನು ಮೇಲಿನಿಂದ ನೋಡಿಕೊಳ್ಳುವುದು, ಇಷ್ಟಾರ್ಥ ಈಡೇರಿಸುವ ಏಳು ಗೋಲಿಗಳನ್ನು ಸೃಷ್ಟಿಸುವುದು. ಅವನು ಸತ್ತರೆ ಆ ಗೋಲಿಗಳು ಬರೀ ಕಲ್ಲು. ಗೋಕು ಪರ್ವತ ಪುಡಿಮಾಡಬಲ್ಲ, ಆದರೆ ಅಂಥ ಒಂದು ಗೋಲಿ ಮಾಡಲಾರ. ಅದೇ ಹೊತ್ತಿಗೆ ಆ ದೇವರಿಗಿಂತ ಗೋಕು ಬಲಶಾಲಿ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ದೇವರಿಗಂತೂ ಮೊದಲೇ ಇಲ್ಲ.

ಮೇಲಕ್ಕೆ ಹತ್ತಿದಷ್ಟೂ ಇದೇ ಕಥೆ. ಸತ್ತವರ ದಾರಿಯಲ್ಲಿ ದೊಡ್ಡ ಮೇಜಿನ ಹಿಂದೆ ಕೂತು ಕಡತ ತಿರುವಿ ಮುದ್ರೆ ಒತ್ತುವ ಎನ್ಮಾ ಇದ್ದಾನೆ. ಅವನು ಬೇರೆ ಯಾರೂ ಅಲ್ಲ, ನಮ್ಮ ಯಮ. ಬೌದ್ಧರ ಜೊತೆ ಚೀನಾ ದಾಟಿ ಜಪಾನಿಗೆ ಹೋದವನು. ಅವನ ಮೇಲೆ ದಿಕ್ಕಿಗೊಬ್ಬ ಕೈಯೊ, ಅಂದರೆ ಆ ದಿಕ್ಕಿನ ಲೋಕಗಳ ಅಧಿಪತಿ. ಉತ್ತರ ದಿಕ್ಕಿನ ಕೈಯೊ ಗೋಕುವಿಗೆ ಗುರು, ಆದರೆ ಶಿಷ್ಯನೆದುರು ಅವನ ಬಲ ಏನೂ ಅಲ್ಲ. ಮುಂದೆ ಒಂದು ಸ್ಫೋಟದಲ್ಲಿ ಅವನು ಸತ್ತೇಹೋಗುತ್ತಾನೆ. ಸತ್ತವರ ಗುರುತಾಗಿ ತಲೆಯ ಮೇಲೆ ಬಳೆ ಬರುತ್ತದೆ. ಕೆಲಸ ಮಾತ್ರ ಬಿಡುವುದಿಲ್ಲ, ಸತ್ತ ಮೇಲೂ ಅವನೇ ಕೈಯೊ! ಅವನ ಮೇಲೆ ಕೈಯೊಶಿನ್ ಎಂಬ ಸೃಷ್ಟಿಯ ದೇವತೆಗಳು, ಅವರಿಗೆ ಜೋಡಿಯಾಗಿ ವಿನಾಶದ ದೇವತೆಗಳು, ಆ ದೇವತೆಗಳ ಪಕ್ಕದಲ್ಲಿ ದೇವದೂತರು, ಎಲ್ಲರ ತುದಿಯಲ್ಲಿ ಮಗುವಿನಂತಿರುವ ಝೆನೊ. ಬಲದ ಪ್ರಕಾರ ಜೋಡಿಸಿದರೆ ಈ ಏಣಿಯ ಮೆಟ್ಟಿಲುಗಳು ಕಲಸಿಹೋಗುತ್ತವೆ. ಇದು ಕುಸ್ತಿಯ ಶ್ರೇಯಾಂಕವಲ್ಲ, ಕಚೇರಿಯ ಆಡಳಿತ ವ್ಯವಸ್ಥೆ.

ನಮಗೆ ಇದು ವಿಚಿತ್ರವೆನಿಸಬಾರದು. ಇಂದ್ರ ಎಂಬುದೂ ಪದವಿಯೇ ಅಲ್ಲವೇ? ಮನ್ವಂತರ ಬದಲಾದರೆ ಇಂದ್ರನೂ ಬದಲು. ಮುಂದಿನ ಮನ್ವಂತರಕ್ಕೆ ಬಲಿಚಕ್ರವರ್ತಿ ಇಂದ್ರನೆಂದು ಪುರಾಣ ಮೊದಲೇ ಹೇಳಿಟ್ಟಿದೆ. ಇಂದ್ರ ತಲೆಮರೆಸಿಕೊಂಡಾಗ ಮನುಷ್ಯನಾದ ನಹುಷನನ್ನು ಆ ಆಸನದಲ್ಲಿ ಕೂರಿಸಿದರು. ಋಷಿಗಳ ಹೆಗಲಿಗೆ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯರ ಶಾಪದಿಂದ ಹಾವಾಗಿ ಬಿದ್ದ. ಬೌದ್ಧರಲ್ಲಿ ದೇವತೆಗಳೂ ಆಯುಷ್ಯ ತೀರಿದ ಮೇಲೆ ಮತ್ತೆ ಹುಟ್ಟಬೇಕಾದವರೇ. ಆ ಬೌದ್ಧ ನೋಟದ ಜೊತೆಗೇ ಇಂದ್ರನೂ ಸರಸ್ವತಿಯೂ ತೈಶಕುತೆನ್, ಬೆಂಝೈತೆನ್ ಎಂಬ ಹೆಸರು ಹೊತ್ತು ಜಪಾನಿಗೆ ಹೋದರು.

ಗೋಕುವಿನ ಬೇರೂ ಅದೇ ದಾರಿಯಲ್ಲಿದೆ. 'ಸೊನ್ ಗೊಕೂ' ಎಂಬುದು ಚೀನೀ ಹೆಸರಾದ 'ಸುನ್ ವುಕೊಂಗ್' ಅನ್ನು ಜಪಾನಿಯಲ್ಲಿ ಓದುವ ರೀತಿ. ಹದಿನಾರನೆಯ ಶತಮಾನದ ಚೀನೀ ಕಾದಂಬರಿ 'ಪಶ್ಚಿಮ ಯಾತ್ರೆ'ಯ ಕಪಿರಾಜ ಅವನು. ಮಾಂಗಾದ ನಾಯಕ ಮಂಗನಿಂದ ಹುಟ್ಟಿದ ಎಂದರೆ ಶ್ಲೇಷೆಯೂ ಹೌದು, ಸತ್ಯವೂ ಹೌದು. ಗೋಕುವಿನ ಬಾಲ, ಉದ್ದವಾಗುವ ಕೋಲು, ಹಾರುವ ಮೋಡ ಎಲ್ಲ ಅಲ್ಲಿಂದಲೇ ಬಂದವು. ಆ ಕಾದಂಬರಿಯ ಯಾತ್ರಿಕ, ಏಳನೆಯ ಶತಮಾನದಲ್ಲಿ ನಿಜಕ್ಕೂ ಭಾರತಕ್ಕೆ ಬಂದ ಭಿಕ್ಷು. ನಮ್ಮ ಇತಿಹಾಸದ ಪಠ್ಯದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಹಣಿಕಿಕ್ಕುವ ಹ್ಯೂಯೆನ್ ತ್ಸಾಂಗ್ ಅವನೇ. ಪುಲಕೇಶಿಯ ನಾಡನ್ನು ಕಂಡು ಬರೆದವನ ಕಥೆಗೆ ಮುಂದೆ ಕಪಿಯೊಂದು ಸೇರಿಕೊಂಡಿತು. ಆ ಕಪಿಗೆ ಮೂಲ ಹನುಮಂತನೇ ಎಂದು ಹು ಶಿ ಎಂಬ ವಿದ್ವಾಂಸ ಊಹಿಸಿದರೆ, ಲೇಖಕ ಲು ಶುನ್ ಒಪ್ಪಲಿಲ್ಲ. ಆ ಜಗಳ ಇಲ್ಲಿ ಬೇಡ.

ನಮಗೆ ಬೇಕಾದದ್ದು ವುಕೊಂಗ್‌ನ ನೌಕರಿಯ ಕಥೆ. ಅವನು ಬಲಶಾಲಿ ಎಂದು ಸ್ವರ್ಗಕ್ಕೆ ಗೊತ್ತಾದಾಗ ಸುಮ್ಮನಿರಿಸಲು ಕುದುರೆ ಲಾಯದ ಮೇಲ್ವಿಚಾರಕನ ಕೆಲಸ ಕೊಡುತ್ತಾರೆ. ಅದು ತೀರ ಕೆಳದರ್ಜೆಯದೆಂದು ತಿಳಿದದ್ದೇ ತಡ, ಅವನು ರೊಚ್ಚಿಗೇಳುತ್ತಾನೆ. 'ಸ್ವರ್ಗಕ್ಕೆ ಸಮನಾದ ಮಹಾಮುನಿ' ಎಂಬ ಬಿರುದು ಬೇಕೆಂದು ಹಟ ಹಿಡಿದು ಪಡೆಯುತ್ತಾನೆ. ಬಿರುದಿದೆ, ಅದರ ಜೊತೆಗೆ ಅಧಿಕಾರವೂ ಇಲ್ಲ, ಸಂಬಳವೂ ಇಲ್ಲ. ಅಮರತ್ವದ ಹಣ್ಣು ತಿಂದ, ಗುಳಿಗೆ ನುಂಗಿದ, ದೇವಸೈನ್ಯವನ್ನು ಬಡಿದಟ್ಟಿದ. ಆದರೂ ದೇವರೆನಿಸಿಕೊಳ್ಳಲಿಲ್ಲ. ಬುದ್ಧ ಅವನನ್ನು ಐನೂರು ವರ್ಷ ಬೆಟ್ಟದಡಿ ಒತ್ತಿಟ್ಟ. ಭಿಕ್ಷುವಿನ ಕಾವಲಿಗೆ ನಡೆದು ದಾರಿ ಮುಗಿಸಿದ ಮೇಲಷ್ಟೇ ಅವನಿಗೆ ಬುದ್ಧಪದವಿ ಸಿಕ್ಕಿತು. ತಾತನಿಗೆ ಪದವಿಯ ಹಸಿವು, ಮೊಮ್ಮಗನಿಗೆ ಪದವಿ ಎಂದರೆ ಆಕಳಿಕೆ. ತೊರಿಯಾಮಾ ಹಳೆಯ ಕಪಿಯಿಂದ ತೆಗೆದುಕೊಳ್ಳದೆ ಬಿಟ್ಟದ್ದು ಇದೊಂದನ್ನೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಲ್ಲಿ ಎದುರುವಾದಿ ಸುಮ್ಮನಿರುವುದಿಲ್ಲ. 2013ರ ಡ್ರ್ಯಾಗನ್ ಬಾಲ್ ಸಿನಿಮಾ ತೋರಿಸುತ್ತಾನೆ. ಅದರ ಜಪಾನಿ ಹೆಸರು 'ಕಮಿ ತೊ ಕಮಿ', ಅಂದರೆ 'ದೇವರು ಮತ್ತು ದೇವರು'. ಒಬ್ಬ ದೇವರು ಬೆಕ್ಕಿನಂಥ ವಿನಾಶದ ದೇವತೆ ಬೀರಸ್, ಇನ್ನೊಬ್ಬ ಗೋಕು ಅಲ್ಲದೆ ಮತ್ತ್ಯಾರು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದೇವತ್ವ ಬಂದ ಬಗೆಯನ್ನು ನೋಡಬೇಕು. ಶುದ್ಧ ಹೃದಯದ ಐದು ಸೈಯಾನರು, ಅಂದರೆ ಗೋಕುವಿನ ಕುಲದವರು, ಕೈ ಕೈ ಹಿಡಿದು ತಮ್ಮ ಚೈತನ್ಯವನ್ನು ಆರನೆಯವನಿಗೆ ಧಾರೆಯೆರೆಯುತ್ತಾರೆ. ಅದು ಹೊತ್ತು ಕಳೆದಂತೆ ಇಳಿದುಹೋಗುತ್ತದೆ. ಗೋಕು ಸೋಲುತ್ತಾನೆ. ಅವನನ್ನು ಚುಚ್ಚುವುದು ಸೋಲಲ್ಲ, ಆ ಎತ್ತರಕ್ಕೆ ತಾನೊಬ್ಬನೇ ಹತ್ತಿಹೋಗಲಾಗಲಿಲ್ಲವಲ್ಲ ಎಂಬುದು. ಆ ರೂಪದ ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. ಜಪಾನಿ ಮೂಲದಲ್ಲೇ ಅದು 'ಸೂಪರ್ ಸೈಯಾನ್ ಗಾಡ್'. ಕಮಿ ಅಲ್ಲ, ಇಂಗ್ಲಿಷಿನಿಂದ ಎರವಲು ತಂದ 'ಗಾಡ್'. ಹುದ್ದೆಗೆ ಒಂದು ಪದ, ವೇಷಕ್ಕೆ ಇನ್ನೊಂದು. ಮುಂದಿನ ಸಿನಿಮಾದಲ್ಲಿ 'ಸೂಪರ್ ಸೈಯಾನ್ ಗಾಡ್ ಸೂಪರ್ ಸೈಯಾನ್' ಎಂಬ ನಾಲಿಗೆ ತೊಡರುವ ಹೆಸರು ಬಂತು. ಕೊನೆಗೆ ಕೂದಲ ಬಣ್ಣ ನೋಡಿ 'ಬ್ಲೂ' ಎಂದು ಚಿಕ್ಕದಾಗಿಸಿದರು. ನೀಲಿ ಎಂದು ಬದಲಾಯಿಸಬಹುದಾದ ದೇವತ್ವ!

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ, ಹಲವು ವಿಶ್ವಗಳ ನಡುವೆ ನಡೆಯುವ ಮುಂದುವರಿದ ಕಥೆ 'ಡ್ರ್ಯಾಗನ್ ಬಾಲ್ ಸೂಪರ್'ನಲ್ಲಿದೆ. ಹನ್ನೊಂದನೆಯ ವಿಶ್ವದ ಜಿರೆನ್ ತನ್ನ ವಿಶ್ವದ ವಿನಾಶದೇವತೆಯನ್ನೇ ಮೀರಿಸಿದವನು. ಅದೇ ವಿಶ್ವದ ಟೊಪ್ಪೊ ಅವನಿಗಿಂತ ದುರ್ಬಲ. ಮುಂದಿನ ವಿನಾಶದೇವತೆಯ ಸ್ಥಾನಕ್ಕೆ ಗೊತ್ತಾಗಿರುವವನು ಟೊಪ್ಪೊ. ಜಿರೆನ್ ಕೊನೆಯವರೆಗೂ 'ನಿಂಗೆನ್', ಮನುಷ್ಯ. ಗೋಕು ಬೇರೆ ಗ್ರಹದಲ್ಲಿ ಹುಟ್ಟಿದವನಾದರೂ ದೇವತೆಗಳ ಬಾಯಲ್ಲಿ ಅವನೂ ನಿಂಗೆನ್. ಅಲ್ಲಿ ಜನ್ಮಗ್ರಹದ ಲೆಕ್ಕವಿಲ್ಲ, ಏಣಿಯ ಮೇಲೆ ಇದ್ದೀಯೋ ಇಲ್ಲವೋ ಎಂಬುದಷ್ಟೇ.

ಝಮಾಸುವಿನ ಕಥೆ ಇದನ್ನು ಇನ್ನೂ ಚೂಪು ಮಾಡುತ್ತದೆ. ಅವನು ಹತ್ತನೆಯ ವಿಶ್ವದಲ್ಲಿ ಕೈಯೊಶಿನ್ ಆಗಲು ತರಬೇತಿ ಪಡೆಯುತ್ತಿರುವವನು. ಮನುಷ್ಯನೊಬ್ಬ ದೇವರ ಬಲ ಪಡೆದದ್ದು ಅವನ ಕಣ್ಣಿಗೆ ಪಾಪ. ಆ ಪಾಪಕ್ಕೆ ಅವನು ಕಂಡುಕೊಂಡ ಪರಿಹಾರ, ಗೋಕುವಿನ ಮೈಯನ್ನೇ ಕದ್ದು ಅದರೊಳಗೆ ಸೇರುವುದು. ಒಂದೇ ಮೈ, ಒಂದೇ ಬಲ. ಮೊದಲ ಒಕ್ಕಲು ಮನುಷ್ಯ, ಎರಡನೆಯ ಒಕ್ಕಲು ದೇವರು. ಬಲವೇ ದೇವತ್ವವಾಗಿದ್ದರೆ ಈ ಇಬ್ಬರ ನಡುವೆ ಗೆರೆ ಎಳೆಯುವುದು ಹೇಗೆ? ಲೋಕಗಳನ್ನು ಬರಿದು ಮಾಡಿದವನು ದೇವರೇ, ತಡೆಯಲು ಬಂದವನು ಮನುಷ್ಯ ಎಂಬುದನ್ನೂ ಮರೆಯಬಾರದು.

ಬೇರೆ ಮಾಂಗಾಗಳು ಏನು ಹೇಳುತ್ತವೆ? 1997ರಿಂದ ನಡೆಯುತ್ತಿರುವ 'ಒನ್ ಪೀಸ್'ನ ಆಕಾಶದ್ವೀಪದಲ್ಲಿ ಆಳುವವನ ಬಿರುದೇ ದೇವರು. ಹಿಂದಿನ ದೇವರು ಗಾನ್ ಫಾಲ್ ಅನ್ನು ಕೆಳಗಿಳಿಸಿ ಕೂತ ಎನೆಲ್ ಮಿಂಚಿನ ಮೈಯವನು, ತನ್ನನ್ನು ನಿಜವಾದ ದೇವರೆಂದೇ ನಂಬಿದವನು. ರಬ್ಬರ್ ಮೈಯ ಕಥಾನಾಯಕ ಲೂಫಿಗೆ ವಿದ್ಯುತ್ ತಾಗುವುದಿಲ್ಲ ಎಂದು ತಿಳಿದಾಗ ಅವನ ಕಣ್ಣುಗುಡ್ಡೆ ಹೊರಬಂದ ಆ ಚಿತ್ರ ಮಾಂಗಾ ಓದುವವರಲ್ಲಿ ಬಹುಪ್ರಸಿದ್ಧ. 2022ರ 1044ನೆಯ ಅಧ್ಯಾಯದಲ್ಲಿ ಲೂಫಿ ತಿಂದ ಹಣ್ಣೇ ನಿಕಾ ಎಂಬ ಸೂರ್ಯದೇವನದೆಂದು ಹೊರಬಿತ್ತು. ಲೂಫಿಗೆ ಬೇಕಾದದ್ದು ಕಡಲ್ಗಳ್ಳರ ರಾಜನಾಗುವುದು. ದೇವರ ಹುದ್ದೆಗೆ ಅಲ್ಲೂ ಅರ್ಜಿ ಹಾಕಿಲ್ಲ.

'ನೊರಗಾಮಿ'ಯ ಯಾತೊ ಇದರ ತಿರುಗುಮುರುಗು. ಅವನು ದೇವರು, ಹುಟ್ಟಿನಿಂದಲೇ. ಆದರೆ ಗುಡಿಯಿಲ್ಲ, ಭಕ್ತರಿಲ್ಲ. ಗೋಡೆಗಳ ಮೇಲೆ ಫೋನ್ ನಂಬರ್ ಬರೆದು, ಬೆಕ್ಕು ಹುಡುಕಿಕೊಡುವಂಥ ಕೂಲಿಗೂ ಸೈ ಎಂದು ಐದು ಯೆನ್ ನಾಣ್ಯಕ್ಕೆ ಕೆಲಸ ಮಾಡುತ್ತಾನೆ. ಜನ ಮರೆತರೆ ಅಳಿದುಹೋಗುವ ಭಯ ಅವನಿಗೆ. ಐದು ಯೆನ್‌ಗೆ ಜಪಾನಿಯಲ್ಲಿ 'ಗೊಎನ್'. ಅದೇ ಉಚ್ಚಾರಣೆಗೆ ಇನ್ನೊಂದು ಅರ್ಥ ನಂಟು, ಋಣಾನುಬಂಧ. ಜಪಾನಿನ ಗುಡಿಗಳ ಕಾಣಿಕೆ ಪೆಟ್ಟಿಗೆಗೆ ಜನ ಆ ನಾಣ್ಯವನ್ನೇ ಹುಡುಕಿ ಹಾಕುವುದು ಅದಕ್ಕೆ. ಹಿಯೊರಿ ಎಂಬ ಹುಡುಗಿ ಅಂಗೈ ಮೇಲೆ ನಿಲ್ಲುವಂಥ ಪುಟ್ಟ ಗುಡಿಯೊಂದನ್ನು ತಾನೇ ಮಾಡಿಕೊಟ್ಟಾಗ ಅವನಿಗಾದ ಸಂಭ್ರಮವನ್ನು ಕಂಡರೆ ಮಿಚಿಝಾನೆಗೆ ಕಟ್ಟಿದ ಕಿತಾನೊದ ದೊಡ್ಡ ಗುಡಿ ನೆನಪಾಗುತ್ತದೆ.

ನನ್ನ ವಾದಕ್ಕೆ ತೊಡಕಾಗುವವನು ಒಬ್ಬನಿದ್ದಾನೆ. 2003ರಿಂದ 2006ರವರೆಗೆ ಬಂದ 'ಡೆತ್ ನೋಟ್'ನ ಲೈಟ್ ಯಾಗಮಿ. (ಓದದವರು ಇಲ್ಲಿಗೆ ನಿಲ್ಲಿಸಬಹುದು, ಮುಂದೆ ಕಥೆಯ ಕೊನೆ ಇದೆ.) ಹೆಸರು ಬರೆದರೆ ಆ ಹೆಸರಿನವರು ಸಾಯುವ ಪುಸ್ತಕ ಅವನ ಕೈಗೆ ಸಿಗುತ್ತದೆ. ಪುಸ್ತಕ ಮೃತ್ಯುದೇವತೆಯದು, ಬಲ ಎರವಲು. ಆದರೆ ಗೋಕುವಿನಂತೆ ಇವನು ಪಟ್ಟವನ್ನು ನಿರಾಕರಿಸುವುದಿಲ್ಲ, ಹೊಸ ಲೋಕದ ದೇವರಾಗುತ್ತೇನೆಂದು ತಾನೇ ಘೋಷಿಸಿಕೊಳ್ಳುತ್ತಾನೆ. ಕೊನೆಯಲ್ಲಿ ನಿಯರ್ ಎಂಬ ಹುಡುಗ ಅವನ ಮುಖಕ್ಕೇ ನೀನೊಬ್ಬ ಕೊಲೆಗಾರ, ಅಷ್ಟೇ, ಎಂಬರ್ಥದಲ್ಲಿ ಹೇಳಿಬಿಡುತ್ತಾನೆ. ಲೈಟ್ ಅಂಗಲಾಚುತ್ತ ಸಾಯುತ್ತಾನೆ. ದೇವರಲ್ಲ ಎಂದು ಇಲ್ಲೇ ಕಡತ ಮುಚ್ಚಬಹುದಿತ್ತು.

ಆದರೆ ಮಾಂಗಾ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ 108ನೆಯ ಅಧ್ಯಾಯದ ಕೊನೆಯಲ್ಲಿ, ಮುಸುಕು ಹೊದ್ದ ಜನರ ಸಾಲೊಂದು ಕೈಯಲ್ಲಿ ದೀಪ ಹಿಡಿದು ಬೆಟ್ಟ ಹತ್ತುತ್ತದೆ. ಅವರಿಗೆ ಲೈಟ್‌ನ ಹೆಸರಾಗಲಿ ಮುಖವಾಗಲಿ ಗೊತ್ತಿಲ್ಲ, ಗೊತ್ತಿರುವುದು ಆ ಕಾಣದ ಕೊಲೆಗಾರನಿಗೆ ಜನ ಇಟ್ಟ 'ಕಿರಾ' ಎಂಬ ಹೆಸರು ಮಾತ್ರ. ಒಬ್ಬ ಹುಡುಗಿ ಕೈ ಜೋಡಿಸಿ ನಿಲ್ಲುತ್ತಾಳೆ. ಅವನು ಉಗ್ರನಾಗಿದ್ದ, ಸತ್ತ, ಜನ ಹೆದರಿದ್ದರು, ಈಗ ಬೇಡಿಕೊಳ್ಳುತ್ತಿದ್ದಾರೆ. ಕಿತಾನೊದ ಗುಡಿಗೆ ಮೊದಲು ಕ್ಯೋಟೊದಲ್ಲಿ ಇದ್ದದ್ದೂ ಇಷ್ಟೇ. ಅದೇ ಕಥೆಯ ನಿಯಮದಂತೆ ಸತ್ತವರೆಲ್ಲ ಹೋಗುವುದು 'ಮು'ಗೆ, ಏನೂ ಇಲ್ಲದ್ದಕ್ಕೆ. ಆ ಹುಡುಗಿಯ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಆದರೂ ಅವಳು ಕೈ ಇಳಿಸಿಲ್ಲ.